ಪಿಸ್ತೂಲಿನ ಹಳೇ ಹಿಡಿ

ಅಗಸೆ ಎಣ್ಣೆಯ ವಾಸನೆ ಬಂದರೆ ಈಗಲೂ ಮುಳಬಾಗಿಲಿನ ನಮ್ಮ ಮನೆಯ ಜಗಲಿ ನೆನಪಾಗುತ್ತದೆ. ತಾತನಿಗೆ ಅವರಪ್ಪನಿಂದ ಬಂದ ಪಿಸ್ತೂಲೊಂದಿತ್ತು. ಒಂದು ಮಧ್ಯಾಹ್ನ ಆಚಾರಿ ಅದರ ತುಕ್ಕನ್ನು ಉಪ್ಪು ಕಾಗದದಲ್ಲಿ ಉಜ್ಜಿ, ಬೀಟೆ ಮರದ ಹೊಸ ಹಿಡಿ ಕೂರಿಸಿ, ಎಣ್ಣೆ ತಿಕ್ಕಿ ಕೊಟ್ಟು ಹೋದ. ತಾತ ಅದನ್ನು ಹಿಡಿದರು, ಕೆಳಗಿಟ್ಟು ಮತ್ತೆ ಹಿಡಿದರು. ಹೆಬ್ಬೆರಳು ನುಣ್ಣನೆಯ ಮರದ ಮೇಲೆ ಜಾರುತ್ತಲೇ ಇತ್ತು.

"ಹಳೇ ಹಿಡೀಲಿ ನಮ್ಮಪ್ಪನ ಬೆರಳು ಸವೆಸಿದ್ದ ಗುಳಿ ಇತ್ತು ಕಣೇ. ತಿರ್ಗ ಅದನ್ನೇ ಹಾಕಿಸ್ತೀನಿ. ಎಲ್ಲಿಟ್ಟೆ?" ಎಂದು ಅಜ್ಜಿಯನ್ನು ಕೇಳಿದರು.

ಬೆಳಗಿನಿಂದ ಆಚಾರಿಗೆ ಕಾಫಿ, ಊಟ ಎಂದು ಓಡಾಡಿ ದಣಿದಿದ್ದ ಅಜ್ಜಿ ಸೆರಗಿನಲ್ಲಿ ಮುಖ ಒರೆಸಿಕೊಂಡರು.

"ಮರದ ಚೂರು ಅಂತ ಗುಡಿಸಿ ಬಚ್ಚಲ ಒಲೆಗೆ ಹಾಕ್ಬಿಟ್ಟೆ. ನೀರು ಕಾದೈತೆ, ಸ್ನಾನಕ್ಕೆ ಏಳಿ."

ತಾತ ಎದ್ದು ಬಚ್ಚಲಿಗೆ ಹೋದರು. ಹಂಡೆ ಬರಿದಾಗುವವರೆಗೂ ಹೊರಗೆ ಬರಲಿಲ್ಲ.