ಅವರ ಪಾಲಿನ ಭಂಡಾರ

“ಗಂಟಿನ ಸಂಗಟ ರಕ್ತನಾಳದ್ದೂ ಒಂದು ತುಂಡು ಕೊಯ್ದು ತಗೀಬೇಕಾಗ್ತೈತ್ರಿ,” ಎಂದರು ಡಾಕ್ಟರ್ ಶ್ರೀವಲ್ಲಭ. ಆಸ್ಪತ್ರೆಯ ವರಾಂಡದಲ್ಲಿ ಕಾಶಿಬಾಯಿ ಸೆರಗನ್ನು ಬಾಯಿಗೊತ್ತಿಕೊಂಡು ನಿಂತಿದ್ದಳು. ಪಕ್ಕದಲ್ಲಿ ಮೈದುನ ಮಾಳಿಂಗ. ಒಳಗೆ ಮಂಚದ ಮೇಲಿದ್ದವನು ಅವಳ ಗಂಡ ರೇವಣಪ್ಪ, ಇಂಡಿ ಕಡೆಯ ಹಳ್ಳಿಯೊಂದರಲ್ಲಿ ಮಾಳಿಂಗರಾಯನ ಗುಡಿಯ ಪೂಜಾರಿ. ಮೇದೋಜ್ಜೀರಕ ಗ್ರಂಥಿಯಲ್ಲಿ ಎದ್ದ ಕ್ಯಾನ್ಸರ್ ಗಂಟು ಪಿತ್ತದ ದಾರಿಯನ್ನು ಮುಚ್ಚಿ, ಹಿಂದಿನ ದೊಡ್ಡ ರಕ್ತನಾಳಕ್ಕೂ ಅಂಟಿಕೊಂಡಿತ್ತು.

“ನರ ಬಿಟ್ಟು ಬರೇ ಗಂಟು ತಗದ್ರ ಆಗೂದಿಲ್ರೇನು?” ಮಾಳಿಂಗ ಕೇಳಿದ.

“ಅಂಟಿದ್ದು ಅಲ್ಲೇ ಉಳೀತೈತಿ. ತಿರುಗಿ ಬೆಳೀತೈತಿ.” ಡಾಕ್ಟರು ತಾಳಿಕೋಟೆಯವರು, ಸುತ್ತಿಬಳಸಿ ಹೇಳುವ ರೂಢಿ ಅವರಿಗಿರಲಿಲ್ಲ. “ಕರುಳಿನ ರಕ್ತ ಲಿವರಿಗೆ ಹೋಗೂದು ಆ ನಾಳದಾಗಿಂದನ. ಕೆಟ್ಟ ತುಂಡು ತಗದು, ಅವರ ಕೊರಳಾಗಿಂದ ಒಂದು ತುಂಡು ನಾಳ ತಂದು ಅಲ್ಲೆ ಹೊಲೀತೇವಿ. ಹೊಲದ ಜಾಗಾದಾಗ ರಕ್ತ ಹೆಪ್ಪುಗಟ್ಟಿದ್ರ ಜೀವಕ್ಕ ಅಪಾಯ ಐತಿ. ಮುಚ್ಚಿಟ್ಟು ಹೇಳೂದಿಲ್ಲ.” ಆಮೇಲೆ ದನಿ ತಗ್ಗಿಸಿದರು. “ಇಷ್ಟು ತಡಾ ಯಾಕ ಮಾಡಿದ್ರಿ ಅವ್ವಾರ? ಮೈ ಹಳದಿ ಆಗಿ ಭಾಳ ದಿನ ಆಗಿರಬೇಕಲ್ಲ?”

ಕಾಶಿಬಾಯಿ ಬಾಗಿಲಿನಿಂದ ಒಳಗಿನ ಮಂಚದ ಕಡೆ ನೋಡಿದಳು. ಪೂಜಾರಿಯ ಮೈಮೇಲೆ ಹಳದಿ ಇಲ್ಲದ ದಿನ ಯಾವುದಿತ್ತು? ಬೆಳಿಗ್ಗೆ ದೇವರ ಮೇಲೆ ಭಂಡಾರ ತೂರಿದರೆ ಆ ಅರಿಷಿಣ ಅವನ ಹಣೆ, ಕೆನ್ನೆ, ತೋಳು, ಧೋತರಕ್ಕೆಲ್ಲ ಹತ್ತುತ್ತಿತ್ತು. ಬಂದ ಭಕ್ತರೂ ಅವನ ಮೇಲೊಂದು ಹಿಡಿ ತೂರಿಯೇ ಹೋಗುತ್ತಿದ್ದರು. ಕಣ್ಣು ಹಳದಿಯಾದಾಗ ಪುಡಿ ಬಿದ್ದಿದೆಯೆಂದು ತಣ್ಣೀರು ಚಿಮುಕಿಸಿದಳು. ಮೈಯೆಲ್ಲ ತುರಿಕೆ ಎದ್ದಾಗ, ಅರಿಷಿಣಕ್ಕೆ ಏನೋ ಬೆರೆಸಿದ್ದೀ ಎಂದು ಇಂಡಿ ಬಜಾರಕ್ಕೆ ಹೋಗಿ ಬಸಣ್ಣನ ಅಂಗಡಿಯ ಮುಂದೆ ಜಗಳ ತೆಗೆದಳು. “ಈ ಸಲ ಪೂಜಾರಿಗೆ ದೇವರ ಕಳೆ ಮೈತುಂಬ ಇಳದೈತಿ ನೋಡ್ರಿ,” ಎಂದು ಮಂದಿ ಅವನ ಕಾಲು ಮುಟ್ಟಿದರು. ಕಡೆಗೊಂದು ಅಮಾವಾಸ್ಯೆಯ ದಿನ ಬಿಸಿನೀರು ಹೊಯ್ದು ಅವನ ಬೆನ್ನು ತಿಕ್ಕಿದಳು. ತಿಕ್ಕಿದಷ್ಟೂ ತಿಕ್ಕಿದಳು. ನೀರು ತಿಳಿಯಾಗಿ ಹರಿಯಿತು; ಬೆನ್ನು ಮಾತ್ರ ಹಳದಿಯಾಗಿಯೇ ಉಳಿಯಿತು.

“ಬ್ಯಾಡ ವೈನಿ,” ಮಾಳಿಂಗ ಅವಳ ಮುಂದೆ ಬಂದು ನಿಂತ. “ರಕ್ತದ ನರ ಕೊಯ್ಯೂದಂದ್ರ ಆಟಲ್ಲ. ಅಣ್ಣಗ ಭಂಡಾರ ಹಚ್ಚಿ ಮನಿಗೆ ಕರಕೊಂಡು ಹೋಗೂಣು. ದೇವರು ಅದಾನ.”

“ಅದಾನಂತನ ಹೇಳಾಕತ್ತೇನಿ. ಅಂವ ತೋರಿಸಿದ್ದ, ಮಾಳಿಂಗ. ಕಣ್ಣಾಗ ತೋರಿಸಿದ, ಉಗುರಾಗ ತೋರಿಸಿದ. ಅದರ ಮ್ಯಾಲ ದಿನಾ ಹಿಡಿ ಹಿಡಿ ಭಂಡಾರ ಹಾಕಿ ಮುಚ್ಚಿದವರು ನಾವು.” ಕಾಶಿಬಾಯಿ ಡಾಕ್ಟರ ಕಡೆ ತಿರುಗಿದಳು. “ನರಕ್ಕ ಹತ್ತಿದ್ದೂ ತಗೀರಿ ಸಾಹೇಬ್ರ. ಅರ್ಧಾ ಬಿಡಬ್ಯಾಡ್ರಿ.”

ಮರುದಿನ ಬೆಳಿಗ್ಗೆ ರೇವಣಪ್ಪನನ್ನು ಆಪರೇಷನ್‌ಗೆ ಒಳಗೆ ಕರೆದೊಯ್ದವರು ಹೊರಗೆ ಬಂದದ್ದು ಹೊತ್ತಿಳಿದ ಮೇಲೆ. ಅಲ್ಲಿಯತನಕ ಕಾಶಿಬಾಯಿ ಕುಳಿತ ಜಾಗ ಬಿಟ್ಟು ಏಳಲಿಲ್ಲ. ಮಾಳಿಂಗ ತಂದಿಟ್ಟ ಚಹಾ ಕೆನೆಗಟ್ಟಿತ್ತು. ಡಾಕ್ಟರು ಮುಖವಸ್ತ್ರ ಇಳಿಸಿ ಅವಳ ಪಕ್ಕದ ಬೆಂಚಿನ ಮೇಲೆಯೇ ಕುಳಿತರು.

“ಕೆಟ್ಟದ್ದು ತಗದು ಕೊರಳಿಂದು ಕೂಡಿಸೇವಿ. ಹೊಲಿಯೂತನಕ ರಕ್ತ ತಡದಿದ್ವಿ, ಕರುಳಿನ ಬಣ್ಣ ಕಪ್ಪ ತಿರಗಿತ್ತು. ತಡದದ್ದು ಬಿಟ್ವಿ. ಆಮ್ಯಾಲೆ ನಾವು ಮಾಡೂದು ಏನೂ ಇರಲಿಲ್ಲ, ಬಣ್ಣ ನೋಡ್ಕೋತ ನಿಂತ್ವಿ. ಸಾವಕಾಶ ಕೆಂಪಗಾತು.” ಎದ್ದು ಹೋಗುವಾಗ ತಿರುಗಿ ನೋಡಿದರು. “ಇನ್ನ ಮುಂದ ಬಣ್ಣ ನೋಡೂದು ನಿಮ್ಮ ಕೆಲಸ, ಅವ್ವಾರ. ಕಣ್ಣಾಗ ಹಳದಿ ಕಂಡ್ರ ಅವತ್ತ ಬರ್ರಿ.”

ರೇವಣಪ್ಪ ಊರಿಗೆ ಮರಳಿ, ಮೊದಲ ಸಲ ಗುಡಿಯ ಕಟ್ಟೆಗೆ ಬಂದು ಕುಳಿತ ದಿನ ಮಂದಿ ಕೂಡಿದರು. ಮೈ ಇಳಿದುಹೋಗಿತ್ತು, ಕೊರಳಲ್ಲಿ ಹೊಲಿಗೆಯ ಗೀರು. ಕಣ್ಣಿನ ಹಳದಿ ಹೋಗಿ ಬಿಳುಪು ಮರಳಿತ್ತು. ಅಲ್ಲಿಯತನಕ ಅಣ್ಣನ ಬದಲು ಪೂಜೆ ಮಾಡಿದ್ದ ಮಾಳಿಂಗ, ದೇವರಿಗೆ ತೂರಿ ಉಳಿದ ಭಂಡಾರವನ್ನು ಬೊಗಸೆಯಲ್ಲಿ ತುಂಬಿಕೊಂಡು ಅಣ್ಣನ ಮುಖಕ್ಕೆ ಎತ್ತಿದ. ಕಾಶಿಬಾಯಿ ಅವನ ಕೈ ಹಿಡಿದಳು.

ಬಂದ ಭಂಡಾರವನ್ನು ಬೇಡವೆಂದವರನ್ನು ಆ ಊರು ಕಂಡಿರಲಿಲ್ಲ.

ಅವಳು ಬೇಡವೆನ್ನಲಿಲ್ಲ. ಆ ಬೊಗಸೆಯನ್ನು ತನ್ನ ಕಡೆ ತಿರುಗಿಸಿಕೊಂಡು, ಹಣೆ, ಕೆನ್ನೆ, ಗದ್ದ ಬಿಡದೆ ಹಚ್ಚಿಕೊಂಡಳು. “ಅವರ ಪಾಲಿಂದು ನನಗ ಹಾಕಪಾ. ದಿನಾ ಹಾಕು.”

“ಪೂಜಾರಿ ಯಾರಲೇ ಇನ್ನ, ನಾನೋ ನಿಮ್ಮ ವೈನಿನೋ?” ಎಂದು ರೇವಣಪ್ಪ ನಕ್ಕ. ಮಂದಿಯೂ ನಕ್ಕರು. ಕಾಶಿಬಾಯಿ ನಗಲಿಲ್ಲ. ಹಳದಿ ಮುಖದೊಳಗಿನ ಅವಳ ಎರಡು ಕಣ್ಣುಗಳು ಅವನ ಕಣ್ಣಿನ ಬಿಳುಪನ್ನು ನೋಡುತ್ತಿದ್ದವು.