ಆರತಿ ಆಂಟಿಗೆ ಗೊತ್ತಿತ್ತು

‘ನಿಖಿಲ್ ಅಂತೂ ಡಿಸೈಡ್ ಮಾಡಿದ್ನಲ್ಲ. ನಿಮಗೂ ತಲೆನೋವು ತಪ್ಪಿತು ಬಿಡಿ,’ ಎಂದಳು ಆರತಿ, ಎದುರಿಗಿದ್ದವರ ತಟ್ಟೆಗೆ ಒಬ್ಬಟ್ಟು ಹಾಕುತ್ತ.

ಪಕ್ಕದಲ್ಲಿ ಪುಳಿಯೋಗರೆ ಬಡಿಸುತ್ತಿದ್ದ ಸಾವಿತ್ರಿಯ ಸೌಟು ಟ್ರೇಯಲ್ಲೇ ನಿಂತಿತು. ಸೆಂಟರ್‌ವಿಲ್‌ನ ಶಾಲೆಯೊಂದರ ಕೆಫೆಟೀರಿಯಾದಲ್ಲಿ ಕನ್ನಡ ಕೂಟದ ಯುಗಾದಿ ಊಟ ನಡೆದಿತ್ತು. ಯಾವ ಕಾಲೇಜು ಸೇರುತ್ತೀಯೋ ಎಂದು ಸಾವಿತ್ರಿ ಮಗ ನಿಖಿಲ್‌ನನ್ನು ದಿನಾ ಕೇಳುತ್ತಿದ್ದಳು. ಅವನು ದಿನಾ ‘ಥಿಂಕ್ ಮಾಡ್ತಿದೀನಿ ಅಮ್ಮ’ ಎಂದು ರೂಮಿನ ಬಾಗಿಲು ಹಾಕಿಕೊಳ್ಳುತ್ತಿದ್ದ. ಆ ಥಿಂಕ್ ಮಾಡುವ ಕೆಲಸ ಮುಗಿದಿದೆ ಎಂದು ಹೆತ್ತವಳಿಗೆ ತಿಳಿದದ್ದು ಈಗ, ಒಬ್ಬಟ್ಟಿನ ಟ್ರೇ ಪಕ್ಕದಲ್ಲಿ.

‘ಹೌದ್ಹೌದು,’ ಎಂದು ನಕ್ಕಳು. ಗೊತ್ತಿಲ್ಲ ಎಂದು ಹೇಳುವುದಾದರೂ ಹೇಗೆ?

‘ಸೌತ್ ಕೆರೊಲೈನಾ ಅಂದಾಗ ದೂರ ಆಯ್ತೇನೋ ಅನ್ನಿಸ್ತು ನನಗೆ. ಆದ್ರೆ ಮರೀನ್ ಬಯಾಲಜಿ ಅಂದ್ರೆ ಅವನಿಗೆ ಪ್ರಾಣ ಅಲ್ವಾ? ರ್‍ಯಾಂಕಿಂಗ್ ಆಮೇಲೆ ನೋಡು, ಮೊದಲು ಹೋಗಿ ಒಂದು ಕ್ಲಾಸಲ್ಲಿ ಕೂತ್ಕೋ, ಅಲ್ಲಿನ ಹುಡುಗರ ಜೊತೆ ಊಟ ಮಾಡು ಅಂದೆ. ಸ್ಪ್ರಿಂಗ್ ಬ್ರೇಕಲ್ಲಿ ಹಾಗೇ ಮಾಡ್ದ ನೋಡಿ.’

ಸ್ಪ್ರಿಂಗ್ ಬ್ರೇಕಿನ ರಜೆಯಲ್ಲಿ ಅವನು ಗೆಳೆಯರ ಜೊತೆ ಬೀಚಿಗೆ ಹೋಗುತ್ತೇನೆ ಎಂದಿದ್ದ. ಇವಳು ಚಟ್ನಿಪುಡಿ ಕಟ್ಟಿಕೊಟ್ಟಿದ್ದಳು. ಕಾಲೇಜು ಯಾವುದಾದರೂ ಹಾಳಾಗಿ ಹೋಗಲಿ. ಹೆತ್ತು ಸಾಕಿದವಳು ತಾನು, ಸುದ್ದಿ ಮಾತ್ರ ಮೊದಲು ಆರತಿಗೆ. ಹಿಂದಿದ್ದವರಿಗೆ ಸೌಟು ಕೊಟ್ಟು ಮಗನನ್ನು ಹುಡುಕಿಕೊಂಡು ಹೊರಟಳು. ಅವನು ಕಾರಿಡಾರಿನಲ್ಲಿ ಕುರ್ಚಿ ಮಡಚುತ್ತಿದ್ದ.

‘ಆರತಿ ಆಂಟಿಗೆ ಹೇಳಿದ್ಯಾ?’

‘ಓ. ಸಾರಿ ಅಮ್ಮ. ನಿಂಗೆ ಈ ವೀಕೆಂಡ್ ಹೇಳೋಣ ಅಂತಿದ್ದೆ.’

‘ಅವಳಿಗ್ಯಾಕೆ ಮೊದಲು?’

‘ಆಂಟಿ ಕ್ವೆಶ್ಚನ್ ಕೇಳಿ ಆನ್ಸರ್‌ಗೆ ವೇಟ್ ಮಾಡ್ತಾರೆ. ನೀನು ಆನ್ಸರ್ ರೆಡಿ ಇಟ್ಕೊಂಡೇ ಕೇಳ್ತೀಯ.’ ಕುರ್ಚಿಯನ್ನು ಗೋಡೆಗೆ ಒರಗಿಸಿ, ‘ಮತ್ತೆ... ಆಂಟಿ ಅಳಲ್ಲ,’ ಎಂದ.

‘ಅವಳ್ಯಾಕೆ ಅಳ್ತಾಳೆ? ಅವಳ ಮಗನಾ ನೀನು?’

‘ಎಕ್ಸಾಕ್ಟ್ಲಿ,’ ಎಂದ ನಿಖಿಲ್, ಇನ್ನೊಂದು ಕುರ್ಚಿ ಎತ್ತಿಕೊಳ್ಳುತ್ತ.

ಸಾವಿತ್ರಿ ಪಾರ್ಕಿಂಗ್ ಲಾಟಿಗೆ ಹೋಗಿ ಕಾರಿಗೆ ಒರಗಿ ನಿಂತಳು. ಅಳಬಾರದು ಎಂದುಕೊಂಡದ್ದಕ್ಕೇ ಕಣ್ಣು ತುಂಬಿ ಬಂತು. ಸೆರಗಿನಿಂದ ಒರೆಸಿಕೊಳ್ಳುವಷ್ಟರಲ್ಲಿ ಆರತಿಯ ಮಗಳು ಅಕ್ಷಯಾ ಲಂಗವನ್ನು ಎತ್ತಿ ಹಿಡಿದುಕೊಂಡು ಬಂದಳು. ನಿಖಿಲ್‌ನ ಕ್ಲಾಸಿನವಳೇ.

‘ಆಂಟಿ, ಬ್ಯುಸಿನಾ? ನಿಖಿಲ್ ಎಲ್ಲಾ ನಮ್ಮಮ್ಮಂಗೆ ಹೇಳ್ತಾನೆ. ಸೋ, ನಾನು ನಿಮಗೆ ಹೇಳೋಣ ಅಂತ. ಅಮ್ಮಂಗೆ ಹೇಳ್ಬೇಡಿ.’

ಮೇ ಒಂದರೊಳಗೆ ಒಂದು ಕಾಲೇಜಿಗೆ ಒಪ್ಪಿಗೆ ಕೊಡಬೇಕು. ಬಾಸ್ಟನ್ನಿನ ದೊಡ್ಡ ಕಾಲೇಜು ಸಿಕ್ಕಿದೆ, ಅಟ್ಲಾಂಟಾದ್ದೂ ಸಿಕ್ಕಿದೆ. ಹುಡುಗಿಗೆ ಬಾಸ್ಟನ್ ಬೇಡ. ಆರತಿಯೋ ಬಾಸ್ಟನ್ ಎಂದು ಆಗಲೇ ಅರ್ಧ ಊರಿಗೆ ಹೇಳಿಕೊಂಡು ಬಂದಿದ್ದಳು.

ಇದೇ ಮಾತನ್ನು ನಿಖಿಲ್ ಆಡಿದ್ದರೆ ಸಾವಿತ್ರಿ ಫೋನ್ ತೆಗೆದು ರ್‍ಯಾಂಕಿಂಗ್ ತೋರಿಸಿರುತ್ತಿದ್ದಳು. ಆದರೆ ಇದು ಬೇರೆಯವರ ಮಗು. ಎಲ್ಲಿತ್ತೋ ಏನೋ, ಅಷ್ಟೊಂದು ತಾಳ್ಮೆ ಬಂತು. ‘ಹೋಗಿ ಒಂದು ವಾರಕ್ಕೇ ಜ್ವರ ಬಂತು ಅಂದ್ಕೋ ಪುಟ್ಟಾ. ಪಕ್ಕದ ರೂಮಿನ ಬಾಗಿಲು ತಟ್ಟಕ್ಕೆ ನಿಂಗೆ ಯಾವ ಕಾಲೇಜಲ್ಲಿ ಸಂಕೋಚ ಆಗಲ್ಲ?’ ಎಂದು ಕೇಳಿದಳು. ಕೇಳಿ, ಉತ್ತರಕ್ಕೆ ಕಾದಳು.

ಹುಡುಗಿ ಯೋಚಿಸಿದಳು. ‘ಅಟ್ಲಾಂಟಾ. ವಿಸಿಟ್ ಮಾಡ್ದಾಗ ಒಬ್ಳು ಹುಡುಗಿ ಅವಳೇ ಬಂದು ನನ್ನ ಲಂಚ್‌ಗೆ ಕರ್ಕೊಂಡ್ ಹೋದ್ಳು. ಬಾಸ್ಟನ್‌ನಲ್ಲಿ ಯಾರೂ ಮಾತಾಡ್ಸ್ಲಿಲ್ಲ.’

‘ಮತ್ತಿನ್ನೇನು? ಇವತ್ತೇ ಅಮ್ಮಂಗೆ ಹೇಳು.’

‘ಹೇಗೆ ಹೇಳೋದು ಆಂಟಿ? ಅಮ್ಮ ಅಳ್ತಾಳೆ.’

‘ಆರತಿನಾ?’

‘ತುಂಬಾ. ನಿಮ್ಮ ಥರ ಅಲ್ಲ ಅವಳು.’

ಸಾವಿತ್ರಿಗೆ ಒಳಗೊಳಗೇ ಹಬ್ಬವಾಯಿತು. ಹುಡುಗಿಯ ತಲೆ ಸವರಿ, ‘ಅತ್ರೆ ಅಳ್ಲಿ, ನೀನು ಹೇಳು. ಮೊದಲು ಹೇಳಿದ್ದು ಅವಳಿಗೇ ಅಂತಿರ್ಲಿ,’ ಎಂದು ಕಳಿಸಿದಳು. ಒಳಗೆ ಬರುವಾಗ ಹೆಜ್ಜೆ ಹಗುರಾಗಿತ್ತು.

ಊಟ ಮುಗಿದಿತ್ತು. ಆರತಿ ಖಾಲಿ ಟ್ರೇಗಳನ್ನು ಒಂದರೊಳಗೊಂದು ಇಡುತ್ತ, ತಲೆ ಎತ್ತದೆ ಕೇಳಿದಳು: ‘ಅಕ್ಷಯಾ ಹೊರಗೆ ನಿಮ್ಮ ಜೊತೆ ನಿಂತಿದ್ಳು ಅಲ್ವಾ? ಕಾಲೇಜಿನ ವಿಷಯ ಏನಾದ್ರೂ ಹೇಳಿದ್ಳಾ? ನನ್ನ ಹತ್ರ ಬಾಯೇ ಬಿಡ್ತಿಲ್ಲ ರೀ ಅವಳು.’

‘ಅಯ್ಯೋ, ನಿಮಗೆ ಹೇಳಿಲ್ವಾ?’ ಎಂಬ ಮಾತು ಸಾವಿತ್ರಿಯ ನಾಲಗೆಯ ತುದಿಯಲ್ಲೇ ಇತ್ತು. ಅಷ್ಟು ರುಚಿಯಾದ ಮಾತು ಅವಳಿಗೆ ಈಚೆಗೆ ಸಿಕ್ಕಿರಲಿಲ್ಲ. ಆಡಿಬಿಡುವವಳೇ. ಆದರೆ ಆರತಿ ಅದೇ ಎರಡು ಟ್ರೇಗಳನ್ನು ಬೇರೆ ಮಾಡಿ ಮತ್ತೆ ಅವನ್ನೇ ಜೋಡಿಸುತ್ತಿದ್ದಳು.

‘ಇಲ್ಲಪ್ಪ,’ ಎಂದಳು ಸಾವಿತ್ರಿ. ‘ಸ್ಕೂಲಿನ ಪ್ರಾಮ್ ಪಾರ್ಟಿ ಡ್ರೆಸ್ ವಿಷಯ ಹೇಳ್ತಿದ್ಳು.’

ಆರತಿ ಉಸಿರು ಬಿಟ್ಟಳು. ‘ಸದ್ಯ. ನನಗೆ ಹೇಳದೆ ನಿಮಗೆ ಹೇಳಿದ್ದಿದ್ರೆ, ನಿಜ ಹೇಳ್ತೀನಿ, ನಿಮ್ಮ ಮುಖ ನೋಡಕ್ಕೂ ಆಗ್ತಿರ್ಲಿಲ್ಲ ನನಗೆ.’

ಸಾವಿತ್ರಿ ಅವಳ ಮುಖವನ್ನೇ ನೋಡಿದಳು. ಆಮೇಲೆ ಉಳಿದ ಒಬ್ಬಟ್ಟನ್ನು ಎರಡು ಡಬ್ಬಿಗಳಿಗೆ ಹಂಚಿ, ಆರತಿಯ ಡಬ್ಬಿಗೆ ಒಂದು ಹೆಚ್ಚಾಗಿಯೇ ಹಾಕಿದಳು.