ಕ್ಯಾಸೆಟ್ ಕಾರ್ಡಿನ ಒಳಮಡಿಕೆ

ಇದರಲ್ಲಿ ಒಂದು ಮಾತು ಸುಳ್ಳಾದರೂ ನನ್ನ ಕತ್ತರಿಗೆ ತುಕ್ಕು ಹಿಡಿಯಲಿ. ಸುರಬಾಯಾದಲ್ಲಿ ಇಪ್ಪತ್ತು ವರ್ಷ ಕ್ಯಾಸೆಟ್ ಕಾರ್ಡ್, ಅಂದರೆ ಡಬ್ಬಿಯೊಳಗೆ ಮಡಚಿಡುವ ಚಿತ್ರದ ಹೊದಿಕೆ, ಮಾಡಿದವನು ನಾನು. ಎದುರು ಕೂತು ಕಾಫಿ ಕುಡಿಯುತ್ತಿರುವ ನೀವಾದರೂ ನಂಬಿ.

ಕೊಳಲು ನುಡಿಸುವ ಮುಜಿಯೊನೊ ತಮ್ಮ ಏಳು ಜನರ ವಾದ್ಯಗೋಷ್ಠಿಯ ಫೋಟೋ ತಂದಿದ್ದರು. ನಡುವೆ ನಿಂತ ಹಾಡುಗಾರ್ತಿ ಅವರ ಮಗಳು ಸುಲಾಸ್ಮಿ. ಏಳು ಜನ ಸಾಲಾಗಿ ನಿಂತರೆ ಫೋಟೋ ಅಡ್ಡಗಲ. ಕ್ಯಾಸೆಟ್ ಡಬ್ಬಿಯ ಮುಖವೋ ನಾಲ್ಕೇ ಬೆರಳಗಲ. ಹಾಡುವವಳ ಮುಖ ಅಂಗಡಿಯ ಆ ತುದಿಯಿಂದಲೂ ಕಾಣಬೇಕು, ಅದು ಕಸುಬಿನ ನಿಯಮ. ಉಳಿದವರನ್ನು ಕತ್ತರಿಸಿ ಒತ್ತೊತ್ತಾಗಿ ಅಂಟಿಸಿದೆ. ತುದಿಯಲ್ಲಿದ್ದ ಮುಜಿಯೊನೊಗೆ ಮಾತ್ರ ಜಾಗ ಸಾಲಲಿಲ್ಲ. ಕಾರ್ಡಿನ ಒಳಮಡಿಕೆಗೆ ಹೋದರು.

ಕ್ಯಾಸೆಟ್ಟೇನೋ ಅಂಗಡಿಗೆ ಬಂದ ವಾರದಲ್ಲೇ ಖರ್ಚಾಯಿತು. ಹದಿನೈದು ದಿನಕ್ಕೆ ಮುಜಿಯೊನೊ ಮತ್ತೆ ಬಂದರು.

“ವಾಗಿಮಾನ್ ಅವ್ರೇ, ಮನೇಲಿ ನನಗೆ ತಟ್ಟೆ ಇಡ್ತಿಲ್ಲ.”

“ಹೆಂಡ್ತಿ ಜೊತೆ ಜಗಳಾನಾ?”

“ಜಗಳ ಆಡಿದ್ರೆ ಪುಣ್ಯ! ನಾನಿರೋದೇ ಅವಳಿಗೆ ಗೊತ್ತಾಗ್ತಿಲ್ಲ. ನಿನ್ನೆ ಸುಲಾಸ್ಮಿ ಪಕ್ಕದ ಮನೆಯವರಿಗೆ ಹೇಳ್ತಿದ್ಲು, ಅಪ್ಪ ತೀರ್ಕೊಂಡು ಎಷ್ಟೋ ವರ್ಷ ಆಯ್ತು ಅಂತ. ಅವಳ ಪಕ್ಕದಲ್ಲೇ ನಿಂತಿದ್ದೆ ಕಣ್ರೀ!”

ಮಡಚಿದವನು ನಾನೇ ಆದ್ದರಿಂದ ನನಗೊಬ್ಬನಿಗೆ ಕಾಣುತ್ತಿದ್ದರು ಅಂತ ತೋರುತ್ತದೆ.

ಎರಡನೇ ಮುದ್ರಣಕ್ಕೆ ಡೋಲಿನವನ ಅರ್ಧ ಡೋಲು ಕತ್ತರಿಸಿ, ಆ ಜಾಗದಲ್ಲಿ ಮುಜಿಯೊನೊರನ್ನು ನಿಲ್ಲಿಸಿದೆ. ಒಳಮಡಿಕೆ ಖಾಲಿ ಬಿಟ್ಟೆ. ಪ್ರೆಸ್ಸಿನಿಂದ ಮೊದಲ ಪ್ರತಿ ಬಂತು. ನಡುವೆ ಇದ್ದ ಸುಲಾಸ್ಮಿ ಅಂಚಿಗೆ ಸರಿದಿದ್ದಳು. ಅವಳ ಬಲಗೈ, ಅರ್ಧ ಕೆನ್ನೆ ಮಡಿಕೆಯ ಆಚೆಗೆ ಹೋಗಿದ್ದವು. ನಾನು ಅವಳನ್ನು ಮುಟ್ಟಿಯೇ ಇರಲಿಲ್ಲ. ಇನ್ನೊಂದು ಪ್ರತಿ ತೆಗೆಸಿದೆ. ಈ ಸಲ ಒಂದು ಕಣ್ಣು ಮಾತ್ರ ಈಚೆಗಿತ್ತು.

“ಒಳಗೆ ಒಬ್ರು ಬೇಕೇ ಬೇಕು ಅನ್ಸತ್ತೆ. ಖಾಲಿ ಬಿಟ್ರೆ ಅದೇ ಆರಿಸ್ಕೊಳ್ಳತ್ತೆ,” ಅಂತ ಪಕ್ಕದಲ್ಲೇ ಇದ್ದ ಮುಜಿಯೊನೊಗೆ ಅಂದೆ.

ಮುಜಿಯೊನೊ ಬಹಳ ಹೊತ್ತು ಆ ಒಂದು ಕಣ್ಣನ್ನೇ ನೋಡಿದರು. “ಹಾಗಿದ್ರೆ ನನ್ನನ್ನೇ ವಾಪಸ್ ಹಾಕಿ. ಅವಳಿಗಿನ್ನೂ ಹತ್ತೊಂಬತ್ತು.”

“ಒಂದ್ಸಲ ಹೋಗಿ ಬಂದಿದ್ದೀರಲ್ಲ, ಸಾಕು, ಸುಮ್ನಿರಿ. ನನಗೇನು ಹೆಂಡ್ತೀನಾ, ಮಕ್ಕಳಾ?”

ಹಳೆಯ ಗುರುತಿನ ಚೀಟಿಯಿಂದ ನನ್ನ ಫೋಟೋ ಕಿತ್ತು ಒಳಮಡಿಕೆಗೆ ಅಂಟಿಸಿದೆ. ಸುಲಾಸ್ಮಿ ನಡುವಿಗೆ ಮರಳಿದಳು. ನನ್ನ ಕಿವಿ ಸ್ವಲ್ಪ ದೊಡ್ಡದಾಗಿ ಅಚ್ಚಾಗಿತ್ತು, ಅದೊಂದೇ ಬೇಜಾರು. ಆಮೇಲೆ ಏನಾಯಿತು ಅಂದರೆ, ಇದನ್ನು ಮಾತ್ರ ಗಮನವಿಟ್ಟು ಕೇಳಿ, ಮೊನ್ನೆ ಮುಜಿಯೊನೊ ಮನೆಗೆ ಹೋಗಿ ಅವರ ಎದುರೇ ನಿಂತು ನಾನು…

ಎದುರು ಕೂತು ಕಾಫಿ ಕುಡಿಯುತ್ತಿದ್ದವರು ಲೋಟ ಕೆಳಗಿಟ್ಟು ಎದ್ದರು. ಬಾಗಿಲಲ್ಲಿ ಜಾಗ ಹುಡುಕುತ್ತಿದ್ದ ದಂಪತಿಯನ್ನು ಕರೆದು, ತಮ್ಮ ಕುರ್ಚಿಯ ಜೊತೆಗೆ ನಾನು ಕೂತಿದ್ದ ಕುರ್ಚಿಯನ್ನೂ ತೋರಿಸಿ, “ಬನ್ನಿ ಅಕ್ಕಾ, ಇಲ್ಲಿ ಎರಡು ಕುರ್ಚಿನೂ ಖಾಲಿ ಇದೆ,” ಎಂದು ಹೊರಟುಹೋದರು.